ಟೈಗರ್ 1 ಟ್ಯಾಂಕಿನ 1/35 ಮಾದರಿ: ಯಾವ ಕಿಟ್ ಕೊಳ್ಳುವುದು ಸೂಕ್ತ?

ಮೈಸೂರು_ಮಾದರಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಇದುವರೆಗೆ 1/72 ಅಳತೆಯ ವಿಮಾನಗಳನ್ನಷ್ಟೇ ಕಟ್ಟಿರುವ ನಾನು ಮೊದಲ ಬಾರಿಗೆ ಟ್ಯಾಂಕ್ ಮಾದರಿಯೊಂದಕ್ಕೆ ಕೈಹಾಕಬೇಕೆಂದಿದ್ದೇನೆ. ಎರಡನೆಯ ಮಹಾಯುದ್ಧದ ಜರ್ಮನ್ ಟೈಗರ್ 1 ಆಗಬೇಕು, ಅದು 1/35 ಅಳತೆಯಲ್ಲಿರಬೇಕು ಎಂಬಷ್ಟು ನಿರ್ಧಾರವಾಗಿದೆ. ತೊಡಕು ಇರುವುದು ಅಲ್ಲಿಂದ ಮುಂದೆ. ತಮಿಯಾ, ಡ್ರ್ಯಾಗನ್, ಅಕಾಡೆಮಿ, ಜ್ವೆಜ್ಡಾ, ರೈ ಫೀಲ್ಡ್ ಮಾಡೆಲ್, ಬಾರ್ಡರ್ ಹೀಗೆ ಒಂದೇ ಟ್ಯಾಂಕನ್ನು ಹತ್ತಾರು ಪೆಟ್ಟಿಗೆಗಳಲ್ಲಿ ಮಾರುತ್ತಿದ್ದಾರೆ. ಒಂದೇ ಕಂಪನಿಯ ಪೆಟ್ಟಿಗೆಗಳ ಮೇಲೂ ಇನಿಷಿಯಲ್, ಅರ್ಲಿ, ಮಿಡ್, ಲೇಟ್ ಎಂಬ ಬೇರೆ ಬೇರೆ ಹಣೆಪಟ್ಟಿಗಳಿವೆ. ಬೆಲೆಯಲ್ಲಂತೂ ಒಂದಕ್ಕೂ ಇನ್ನೊಂದಕ್ಕೂ ಮೂರು ಪಟ್ಟು, ನಾಲ್ಕು ಪಟ್ಟು ಅಂತರ ಕಾಣುತ್ತಿದೆ.

ಒಳಭಾಗದ ಎಂಜಿನ್, ಗೇರುಪೆಟ್ಟಿಗೆ, ಗುಂಡುಗಳ ಗೂಡುಗಳನ್ನೆಲ್ಲ ಕೊಡುವ ಕಿಟ್‌ಗಳತ್ತ ಮನಸ್ಸು ಎಳೆಯುತ್ತಿದೆ. ಆದರೆ ಅಷ್ಟು ಬಿಡಿಭಾಗಗಳನ್ನು ಮೊದಲ ಟ್ಯಾಂಕಿನಲ್ಲೇ ನಿಭಾಯಿಸಲು ಸಾಧ್ಯವೇ ಎಂಬ ಅಳುಕೂ ಇದೆ. ಚಕ್ರಗಳ ಸುತ್ತ ಸುತ್ತುವ ಸರಪಳಿಗಳಾದ ಟ್ರ್ಯಾಕ್‌ಗಳ ವಿಷಯದಲ್ಲಿಯೂ ಒಂದೇ ಪಟ್ಟಿಯಾಗಿ ಬರುವುದು ಮೇಲೋ, ಕೊಂಡಿಗಳನ್ನು ಒಂದೊಂದಾಗಿ ಜೋಡಿಸುವುದು ಮೇಲೋ ತಿಳಿಯುತ್ತಿಲ್ಲ. ಕಪಾಟಿನಲ್ಲಿಟ್ಟು ಹತ್ತಿರದಿಂದ ನೋಡಿದಾಗ ನಿಜವಾದ ಟೈಗರಿನಂತೆಯೇ ಕಾಣಬೇಕು, ಕಟ್ಟುವ ಕೆಲಸವೂ ಅರ್ಧಕ್ಕೆ ನಿಲ್ಲಬಾರದು. ನನಗೆ ಬೇಕಾಗಿರುವುದು ಇಷ್ಟೇ. ಅನುಭವಸ್ಥರು ದಯವಿಟ್ಟು ವಿವರವಾಗಿ ತಿಳಿಸಬೇಕಾಗಿ ವಿನಂತಿ.

ಕಾಸೆಲ್1942 ಬರೆದದ್ದು:

ಪ್ರಶ್ನೆಯನ್ನು ಸ್ವಲ್ಪ ಹಿಂದಕ್ಕೆ ಒಯ್ದರೆ ಉತ್ತರ ಸುಲಭವಾಗುತ್ತದೆ ಎಂದು ನನ್ನ ಅಭಿಪ್ರಾಯ. ಯಾವ ಕಂಪನಿಯ ಕಿಟ್ ಎಂದು ಕೇಳುವ ಮೊದಲು ಯಾವ ಟೈಗರ್ ಎಂಬುದು ತೀರ್ಮಾನವಾಗಬೇಕು. ಟೈಗರ್ 1 ಟ್ಯಾಂಕನ್ನು ಕಾಸೆಲ್ ನಗರದ ಹೆನ್‌ಶೆಲ್ ಕಾರ್ಖಾನೆಯಲ್ಲಿ 1942ರ ಆಗಸ್ಟ್‌ನಿಂದ 1944ರ ಆಗಸ್ಟ್‌ವರೆಗೆ ತಯಾರಿಸಿದರು. ಎರಡು ವರ್ಷಗಳಲ್ಲಿ ಹೊರಬಂದದ್ದು ಸುಮಾರು 1,350 ಟ್ಯಾಂಕ್‌ಗಳು ಮಾತ್ರ. ಆದರೆ ಆ ಎರಡು ವರ್ಷಗಳ ಉದ್ದಕ್ಕೂ ಯುದ್ಧಭೂಮಿಯ ಅನುಭವ ಮತ್ತು ಕಚ್ಚಾವಸ್ತುಗಳ ಕೊರತೆಗೆ ತಕ್ಕಂತೆ ಒಂದಲ್ಲ ಒಂದು ಭಾಗ ಬದಲಾಗುತ್ತಲೇ ಇತ್ತು. ಪೆಟ್ಟಿಗೆಯ ಮೇಲಿನ ಹಣೆಪಟ್ಟಿಗಳು ಈ ಬದಲಾವಣೆಗಳ ಸ್ಥೂಲ ವಿಭಾಗಗಳೇ ಹೊರತು ಜರ್ಮನ್ ಸೇನೆ ಇಟ್ಟ ಹೆಸರುಗಳಲ್ಲ.

ಗುರುತಿಸಲು ಕಣ್ಣಿಗೆ ಕಾಣುವ ನಾಲ್ಕೈದು ಅಂಶಗಳು ಸಾಕು. ಮೊದಲನೆಯದು ಟರೆಟ್, ಅಂದರೆ ನಳಿಗೆಯನ್ನು ಹೊತ್ತು ತಿರುಗುವ ಮೇಲ್ಭಾಗದ ಮೇಲಿರುವ ಕ್ಯುಪೋಲಾ, ಕಮಾಂಡರನು ಸುತ್ತಲೂ ನೋಡುವ ಸಣ್ಣ ಗೋಪುರ. ಆರಂಭದ ಟೈಗರ್‌ಗಳಲ್ಲಿ ಅದು ನೇರ ಗೋಡೆಯ ಎತ್ತರದ ಡಬ್ಬಿಯ ಆಕಾರದಲ್ಲಿದ್ದು, ಹೊರಗೆ ನೋಡಲು ಸೀಳುಗಳನ್ನು ಹೊಂದಿತ್ತು. 1943ರ ಜುಲೈ ಸುಮಾರಿಗೆ ಬಂದ ಹೊಸ ಟರೆಟ್‌ನಲ್ಲಿ ಅದರ ಬದಲು ಏಳು ಪೆರಿಸ್ಕೋಪ್‌ಗಳಿರುವ, ತಗ್ಗಾದ ಎರಕದ ಕ್ಯುಪೋಲಾ ಬಂತು. ಎರಡನೆಯದು ಚಕ್ರಗಳು. 1944ರ ಫೆಬ್ರವರಿಯವರೆಗೆ ಚಕ್ರಗಳ ಹೊರ ಅಂಚಿಗೆ ರಬ್ಬರ್ ಟೈರ್ ಇತ್ತು. ಆಮೇಲೆ ಉಕ್ಕಿನ ಅಂಚಿನ, ಒಳಗೆ ರಬ್ಬರ್ ಅಡಗಿಸಿದ ಚಕ್ರಗಳು ಬಂದವು. ರಬ್ಬರ್ ಚಕ್ರದ ಟೈಗರಿನಲ್ಲಿ ಚಕ್ರಗಳನ್ನು ಮೈಗೆ ಹಿಡಿದಿಡುವ ಒಂದೊಂದು ತೋಳಿಗೆ ಮೂರು ಚಕ್ರಗಳು, ಉಕ್ಕಿನ ಚಕ್ರದ ಟೈಗರಿನಲ್ಲಿ ಎರಡೇ ಚಕ್ರಗಳು. ಪಕ್ಕಕ್ಕೆ ಎಂಟು ತೋಳುಗಳಿರುವುದರಿಂದ ಕಟ್ಟುವವನ ಲೆಕ್ಕದಲ್ಲಿ ಇದು 48 ಚಕ್ರಗಳಿಗೂ 32 ಚಕ್ರಗಳಿಗೂ ಇರುವ ವ್ಯತ್ಯಾಸ.

ಮೂರನೆಯದು ಹಿಂಭಾಗ. ಎಂಜಿನ್ನಿನ ಮೇಲಿನಿಂದ ಹಿಂದಕ್ಕೆ ಇಳಿಯುವ ದಪ್ಪ ಕೊಳವೆಗಳು ಮತ್ತು ಹಿಂಗೋಡೆಯ ಎರಡು ತುದಿಗಳಲ್ಲಿನ ಉರುಳೆಗಳು ಫೈಫೆಲ್ ಗಾಳಿ ಶೋಧಕಗಳು. ಇವು ಆರಂಭದ ಟ್ಯಾಂಕ್‌ಗಳ ಗುರುತು. ನಾಲ್ಕನೆಯದು ಜಿಮ್ಮೆರಿಟ್ ಲೇಪ. ಶತ್ರುಗಳು ಅಯಸ್ಕಾಂತದ ಸ್ಫೋಟಕಗಳನ್ನು ಅಂಟಿಸದಿರಲೆಂದು ಬಳಿಯುತ್ತಿದ್ದ ಈ ಲೇಪ 1943ರ ಆಗಸ್ಟ್-ಸೆಪ್ಟೆಂಬರ್‌ನಿಂದ ಟೈಗರ್ 1 ತಯಾರಿಕೆ ನಿಲ್ಲುವವರೆಗೂ ಕಾರ್ಖಾನೆಯಿಂದಲೇ ಬರುತ್ತಿತ್ತು. ಕೊನೆಯದು ತೀರ ಸಣ್ಣದು, ಆದರೆ ನನಗೆ ಬಹಳ ಇಷ್ಟವಾದದ್ದು. ಮ್ಯಾಂಟ್ಲೆಟ್ ಎನ್ನುವ, ನಳಿಗೆಯ ಬುಡದ ದಪ್ಪ ಕವಚವನ್ನು ಎದುರಿನಿಂದ ನೋಡಿದರೆ ಗುರಿಕಾರನ ದುರ್ಬೀನಿಗಾಗಿ ಕೊರೆದ ರಂಧ್ರಗಳು ಕಾಣುತ್ತವೆ. ಎರಡು ರಂಧ್ರಗಳಿದ್ದರೆ ಎರಡು ಕಣ್ಣಿನ ಹಳೆಯ ದುರ್ಬೀನು. ಒಂದೇ ಇದ್ದರೆ 1944ರಲ್ಲಿ ಬಂದ ಒಂದು ಕಣ್ಣಿನ ದುರ್ಬೀನು.

ಆದ್ದರಿಂದ 1943ರ ಜುಲೈನಲ್ಲಿ ಕುರ್ಸ್ಕ್‌ನಲ್ಲಿ ಹೋರಾಡಿದ ಟೈಗರಿಗೆ ಜಿಮ್ಮೆರಿಟ್ ಬಳಿದರೆ ಅದು ತಪ್ಪು. 1944ರ ನಾರ್ಮಂಡಿಯ ಟೈಗರಿಗೆ ಬಳಿಯದಿದ್ದರೂ ತಪ್ಪು. ಮೊದಲು ತಮಗೆ ಇಷ್ಟವಾದ ಒಂದು ಹಳೆಯ ಛಾಯಾಚಿತ್ರವನ್ನು ಆರಿಸಿಕೊಳ್ಳಿ. ಅದರಲ್ಲಿರುವ ಟ್ಯಾಂಕಿಗೆ ಈ ಗುರುತುಗಳನ್ನು ತಾಳೆ ಹಾಕಿ. ಹಾಗೆ ಮಾಡಿದರೆ ಹತ್ತಾರು ಪೆಟ್ಟಿಗೆಗಳಲ್ಲಿ ಮೂರೋ ನಾಲ್ಕೋ ಮಾತ್ರ ಉಳಿಯುತ್ತವೆ.

ಕುಂಚವೂ_ಅಂಟೂ ಬರೆದದ್ದು:

ಕಾಸೆಲ್ ಅವರು ಹೇಳಿದ ಕ್ರಮವೇ ಸರಿಯಾದದ್ದು. ನಾನು ಪೆಟ್ಟಿಗೆಯ ಒಳಗೆ ಏನಿರುತ್ತದೆ ಎಂಬುದರ ಬಗ್ಗೆ ಬರೆಯುತ್ತೇನೆ.

ತಮಿಯಾದ 1/35 ಟೈಗರ್ ಅಚ್ಚುಗಳು 1980ರ ದಶಕದ ಕೊನೆ ಮತ್ತು 1990ರ ದಶಕದವು. ವಯಸ್ಸಾಗಿದೆ ಎಂಬ ಕಾರಣಕ್ಕೆ ಅವನ್ನು ತಳ್ಳಿಹಾಕುವುದು ಸರಿಯಲ್ಲ. ಭಾಗಗಳು ಒಂದಕ್ಕೊಂದು ಕೂರುವ ಬಗೆ, ಸೂಚನಾ ಹಾಳೆಯ ಸ್ಪಷ್ಟತೆ, ಯಾವ ಹಂತದಲ್ಲಿ ಏನನ್ನು ಅಂಟಿಸಬೇಕೆಂಬ ಯೋಚನೆ ಇವುಗಳಲ್ಲಿ ಆ ಕಿಟ್‌ಗಳು ಇಂದಿಗೂ ಮೊದಲ ಸಾಲಿನಲ್ಲಿವೆ. ಕೊರತೆಗಳೂ ಇವೆ. ಒಳಾಂಗಣ ಇಲ್ಲವೆನ್ನುವಷ್ಟು ಕಡಿಮೆ. ಟ್ರ್ಯಾಕ್ ಮೆತ್ತನೆಯ ಪಟ್ಟಿಯಾಗಿ ಬರುತ್ತದೆ. ಲೇಟ್ ಆವೃತ್ತಿಯ ಮೈಮೇಲೆ ಜಿಮ್ಮೆರಿಟ್ ಇಲ್ಲ, ಅದನ್ನು ಅಂಟಿಸುವ ಹಾಳೆಯ ರೂಪದಲ್ಲಿ ಬೇರೆಯಾಗಿ ಕೊಳ್ಳಬೇಕು ಅಥವಾ ಪುಟ್ಟಿಯಲ್ಲಿ ನಾವೇ ಮಾಡಿಕೊಳ್ಳಬೇಕು.

ಡ್ರ್ಯಾಗನ್ ಸಂಸ್ಥೆ ಟೈಗರಿನ ಹೆಚ್ಚುಕಡಿಮೆ ಪ್ರತಿಯೊಂದು ಉಪಾವೃತ್ತಿಯನ್ನೂ ತಂದಿದೆ, ಕೆಲವದರಲ್ಲಿ ಜಿಮ್ಮೆರಿಟ್ ಅಚ್ಚಿನಲ್ಲೇ ಮೂಡಿದೆ. ಆದರೆ ಒಂದೇ ಸ್ಪ್ರೂ (ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಮೇಲೆ ಈ ಆವೃತ್ತಿಗೆ ಬೇಡವಾದ ಭಾಗಗಳೂ ಹೇರಳವಾಗಿರುವುದರಿಂದ ಸೂಚನಾ ಹಾಳೆಯನ್ನು ಎರಡೆರಡು ಬಾರಿ ಓದದೆ ಕತ್ತರಿ ಹಾಕುವಂತಿಲ್ಲ. ರೈ ಫೀಲ್ಡ್ ಮಾಡೆಲ್ ಹೊಸ ತಲೆಮಾರಿನದು. ಎರಕದ ಲೋಹದ ಒರಟುತನ, ಬೆಸುಗೆಯ ಗೆರೆ, ತಿರುಗುವ ಟ್ರ್ಯಾಕ್ ಎಲ್ಲವೂ ಸೊಗಸಾಗಿವೆ. ಪೂರ್ಣ ಒಳಾಂಗಣದ ಆವೃತ್ತಿಯೂ ಇದೆ. ಅಕಾಡೆಮಿಯಲ್ಲಿ ಒಳಾಂಗಣದ ಆವೃತ್ತಿ ಇದಕ್ಕಿಂತ ಅಗ್ಗವಾಗಿ ಸಿಗುತ್ತದೆ, ಸೂಕ್ಷ್ಮತೆಯೂ ಅದಕ್ಕೆ ತಕ್ಕಷ್ಟೇ. ರಷ್ಯಾದ ಜ್ವೆಜ್ಡಾ ಕಿಟ್ ಕೊಟ್ಟ ಹಣಕ್ಕೆ ನ್ಯಾಯ ಒದಗಿಸುತ್ತದೆ.

ಇನ್ನು ಒಳಾಂಗಣ. ಇಲ್ಲಿ ನಾನು ಸ್ಪಷ್ಟವಾಗಿಯೇ ಹೇಳುತ್ತೇನೆ: ಮೊದಲ ಟ್ಯಾಂಕಿಗೆ ಅದು ಬೇಡ. ನಿಜವಾದ ಟೈಗರಿನಲ್ಲಿ 92 ಗುಂಡುಗಳಿಗೆ ಜಾಗವಿತ್ತು. ಅವುಗಳ ಗೂಡುಗಳು, ಚಾಲಕನ ಪಕ್ಕದ ಗೇರುಪೆಟ್ಟಿಗೆ, ಟರೆಟ್‌ನ ಬುಟ್ಟಿ, ಮೇಬಾಕ್ ಎಂಜಿನ್, ಅದರ ಎರಡು ಬದಿಯ ಪಂಖಗಳು ಇಷ್ಟನ್ನೂ ಕಟ್ಟಿ, ದಂತದ ಬಿಳುಪು ಬಳಿದು, ಕೊಳೆ ಹಿಡಿಸಿ ಮುಗಿಸಿದ ಮೇಲೆ ಮೇಲ್ಛಾವಣಿ ಅಂಟಿಸಿದರೆ ಕಾಣುವುದು ಮೂರ್ನಾಲ್ಕು ಮುಚ್ಚಳಗಳ ಸಂದಿಯಿಂದ ಇಣುಕಿದಷ್ಟು ಮಾತ್ರ. ಅಂಟಿಸದೆ ತೆಗೆದಿಡುವಂತೆ ಮಾಡಬಹುದು. ಆಗ ಹೊರ ಕವಚದ ಕೀಲುಗಳಲ್ಲಿ ಕೂದಲೆಳೆಯ ಬಿರುಕು ಉಳಿಯುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಒಳಗಿನ ಒಂದು ಗೋಡೆ ಅರ್ಧ ಮಿಲಿಮೀಟರ್ ವಾಲಿ ನಿಂತರೂ ಕೊನೆಯಲ್ಲಿ ಮೇಲಿನ ಫಲಕ ಕೂರುವುದಿಲ್ಲ. ಅಷ್ಟು ಹೊತ್ತಿಗೆ ಅದನ್ನು ಬಿಚ್ಚಿ ಸರಿಪಡಿಸಲು ದಾರಿ ಇರುವುದಿಲ್ಲ. ಕೆಲಸ ಅರ್ಧಕ್ಕೆ ನಿಲ್ಲಬಾರದು ಎಂದು ತಾವೇ ಬರೆದಿದ್ದೀರಿ. ಹಾಗೆ ನಿಂತುಹೋಗುವುದು ಹೆಚ್ಚಾಗಿ ಇಂಥ ಹಂತದಲ್ಲೇ.

ಪ್ರಸಂಗವಶಾತ್ ಒಂದು ಮಾತು. 1/35 ಎಂಬ ಈ ವಿಚಿತ್ರ ಅಳತೆ ಹುಟ್ಟಿದ್ದೇ ಜರ್ಮನ್ ಟ್ಯಾಂಕೊಂದರಿಂದ. ಜಪಾನಿನ ಶಿಜುಓಕಾದ ತಮಿಯಾ ಸಂಸ್ಥೆ 1961ರಲ್ಲಿ ಮೋಟಾರಿನಿಂದ ಓಡುವ ಪ್ಯಾಂಥರ್ ಮಾದರಿಯನ್ನು ತಂದಾಗ ಒಳಗೆ ಬ್ಯಾಟರಿಗಳು ಹಿಡಿಸುವಷ್ಟು ಮೈ ಇರಬೇಕಾಗಿತ್ತು. ಹಾಗೆ ನಿಗದಿಯಾದ ಗಾತ್ರವನ್ನು ಆಮೇಲೆ ಅಳೆದಾಗ ಅದು ಸುಮಾರು ಮೂವತ್ತೈದನೆಯ ಒಂದು ಭಾಗವಾಗಿತ್ತು. ಉಳಿದ ಕಂಪನಿಗಳೂ ಕ್ರಮೇಣ ಅದೇ ಅಳತೆಯನ್ನು ಹಿಡಿದವು.

ಮೈಸೂರು_ಮಾದರಿ ಬರೆದದ್ದು:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಳಾಂಗಣದ ಆಸೆಯನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ. ಕಾಸೆಲ್ ಅವರು ಹೇಳಿದಂತೆ ಚಿತ್ರಗಳನ್ನು ನೋಡುತ್ತಾ ಹೋದಾಗ ಟ್ಯುನೀಶಿಯಾದ ಟೈಗರ್‌ಗಳು, ಅದರಲ್ಲೂ ಇಂಗ್ಲೆಂಡಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇರುವ 131 ಸಂಖ್ಯೆಯ ಟ್ಯಾಂಕು ಮನಸ್ಸಿಗೆ ಹಿಡಿಸಿತು. ಹೀಗೆ ಉಳಿದುಕೊಂಡ ಟ್ಯಾಂಕನ್ನು ಮಾದರಿಗೆ ಆಧಾರವಾಗಿ ಇಟ್ಟುಕೊಳ್ಳುವುದು ಸರಿಯೇ? ಜಿಮ್ಮೆರಿಟ್ ತಂಟೆಯೂ ಇದರಲ್ಲಿ ಇಲ್ಲವೆಂದು ಭಾವಿಸಿದ್ದೇನೆ.

ಡಾರ್ಸೆಟ್_ಕನ್ನಡಿಗ ಬರೆದದ್ದು:

ನಾನು ಇರುವುದು ಬಾವಿಂಗ್ಟನ್ನಿನ ಟ್ಯಾಂಕ್ ವಸ್ತುಸಂಗ್ರಹಾಲಯಕ್ಕೆ ಹತ್ತಿರದಲ್ಲಿ. 131ನ್ನು ಬಿಡುವಾದಾಗಲೆಲ್ಲ ನೋಡಿ ಬರುತ್ತೇನೆ. ಆದ್ದರಿಂದ ಈ ಪ್ರಶ್ನೆಗೆ ಉತ್ತರಿಸುವ ಸಂತೋಷ ನನಗಿರಲಿ. ಜಿಮ್ಮೆರಿಟ್ ಇಲ್ಲವೆಂಬ ತಮ್ಮ ಊಹೆ ಸರಿ. ಈ ಟ್ಯಾಂಕನ್ನು ಬ್ರಿಟಿಷರು ವಶಪಡಿಸಿಕೊಂಡದ್ದು 1943ರ ಏಪ್ರಿಲ್‌ನಲ್ಲಿ. ಆ ಲೇಪ ಬಂದದ್ದು ಅದಾದ ಮೇಲೆ.

131 ಎಂಬ ಸಂಖ್ಯೆಗೆ ಅರ್ಥವಿದೆ. ಅದು 504ನೆಯ ಭಾರೀ ಟ್ಯಾಂಕ್ ಬೆಟಾಲಿಯನ್ನಿನ ಒಂದನೆಯ ಕಂಪನಿಯ ಮೂರನೆಯ ತುಕಡಿಯ ಒಂದನೆಯ ಟ್ಯಾಂಕು. ಬ್ರಿಟಿಷ್ ಚರ್ಚಿಲ್ ಟ್ಯಾಂಕುಗಳೊಡನೆ ನಡೆದ ಕಾಳಗದಲ್ಲಿ ಒಂದು ಗುಂಡು ಟೈಗರಿನ ನಳಿಗೆಯ ಕೆಳಭಾಗಕ್ಕೆ ತಾಗಿ, ಅಲ್ಲಿಂದ ಸಿಡಿದು ಟರೆಟ್ ತಿರುಗುವ ಬಳೆಯ ಸಂದಿಗೆ ಹೊಕ್ಕಿತು. ಟರೆಟ್ ಜಾಮ್ ಆಯಿತು. ಸಿಬ್ಬಂದಿ ಬಿಟ್ಟು ಓಡಿದರು. ಬಹುಪಾಲು ಇಡಿಯಾಗಿಯೇ ಸಿಕ್ಕ ಅದನ್ನು ಇಂಗ್ಲೆಂಡಿಗೆ ತಂದು ಬಿಚ್ಚಿ ಪರೀಕ್ಷಿಸಿದರು. ಬಹಳ ವರ್ಷಗಳ ಮೇಲೆ ದುರಸ್ತಿ ಮಾಡಿ ಓಡುವಂತೆಯೂ ಮಾಡಿದರು. ನಳಿಗೆಯ ಬುಡದಲ್ಲಿ ಆ ಪೆಟ್ಟಿನ ಗುರುತು ಇಂದಿಗೂ ಇದೆ. ಮಾದರಿಯ ಮೇಲೆ ಒಂದು ಸಣ್ಣ ಉಳಿಯಿಂದ ಅದನ್ನು ಕೆತ್ತಿದರೆ ಈ ಟ್ಯಾಂಕಿನ ಕಥೆಯೇ ಅಲ್ಲಿ ನಿಲ್ಲುತ್ತದೆ.

ಹತ್ತಿರ ನಿಂತು ನೋಡಿದಾಗ ಚಿತ್ರಗಳಲ್ಲಿ ತಿಳಿಯದ ಕೆಲವು ಸಂಗತಿಗಳು ಕಾಣುತ್ತವೆ. ಟರೆಟ್‌ನ ಸುತ್ತಲಿನ ಗೋಡೆ ಕುದುರೆ ಲಾಳದ ಆಕಾರಕ್ಕೆ ಬಗ್ಗಿಸಿದ ಒಂದೇ ಹಾಳೆ, ದಪ್ಪ 8 ಸೆಂಟಿಮೀಟರಿನಷ್ಟು. ಎಡಬದಿಯೂ ಬಲಬದಿಯೂ ಒಂದೇ ಆಕಾರದಲ್ಲಿಲ್ಲ. ಮೇಲಿನಿಂದ ನೋಡಿದರೆ ಟರೆಟ್ ನಡುಗೆರೆಯ ಎರಡೂ ಬದಿಗೆ ಸಮವಾಗಿಲ್ಲದಿರುವುದು ತಿಳಿಯುತ್ತದೆ. ಕಿಟ್ ಆರಿಸುವಾಗ ಈ ಅಸಮತೆಯನ್ನು ಅಚ್ಚು ಮಾಡಿದವರು ಗಮನಿಸಿದ್ದಾರೆಯೇ ಎಂದು ನೋಡುವುದು ಒಳ್ಳೆಯ ಪರೀಕ್ಷೆ. ಫಲಕಗಳು ಒಂದಕ್ಕೊಂದು ಸೇರುವ ಕಡೆ ಮರಗೆಲಸದ ಹಾಗೆ ಹಲ್ಲಿಗೆ ಹಲ್ಲು ಕೂಡಿಸಿ ಬೆಸೆದಿದ್ದಾರೆ. ಆ ಬೆಸುಗೆ ಒರಟಾಗಿದೆ, ಎದ್ದು ಕಾಣುತ್ತದೆ. ಮುಂಭಾಗದ ಫಲಕ 10 ಸೆಂಟಿಮೀಟರ್ ದಪ್ಪ. 1/35ರಲ್ಲಿ ಅದು ಸುಮಾರು 3 ಮಿಲಿಮೀಟರ್. ನಯವಾದ ಪ್ಲಾಸ್ಟಿಕ್ ಫಲಕಕ್ಕೆ ತೆಳು ಅಂಟು ಸವರಿ, ಮೆತ್ತಗಾದಾಗ ಗಟ್ಟಿ ಕೂದಲಿನ ಕುಂಚದಿಂದ ಚುಚ್ಚಿದರೆ ಉರುಳುಗಿರಣಿಯ ಉಕ್ಕಿನ ಮೈ ಬರುತ್ತದೆ.

ಉಳಿದುಕೊಂಡ ಟ್ಯಾಂಕನ್ನು ಆಧಾರವಾಗಿ ಬಳಸುವುದರ ಬಗ್ಗೆ ಒಂದು ಎಚ್ಚರಿಕೆಯೂ ಇದೆ. ಎಂಬತ್ತು ವರ್ಷಗಳಲ್ಲಿ ಅದರ ಹಲವು ಸಣ್ಣ ಭಾಗಗಳು ಬದಲಾಗಿವೆ, ಬಣ್ಣವೂ ಮತ್ತೆ ಮತ್ತೆ ಬಳಿದದ್ದು. ಆಕಾರಕ್ಕೂ ಮೇಲ್ಮೈಗೂ ಅದನ್ನು ನಂಬಬಹುದು. ಹೊರಗೆ ಕಟ್ಟಿದ ಸಾಮಾನು, ಸಲಕರಣೆ, ಮಡ್‌ಗಾರ್ಡ್‌ಗಳಿಗೆ 1943ರಲ್ಲಿ ತೆಗೆದ ಚಿತ್ರಗಳನ್ನೇ ನೋಡಬೇಕು.

ಟ್ಯುನೀಶಿಯಾದ ಆಯ್ಕೆಗೆ ನನ್ನ ಒಲವು ಇನ್ನೊಂದು ಕಾರಣಕ್ಕೂ ಇದೆ. ಆ ರಣರಂಗದಲ್ಲಿ 4ನೆಯ ಭಾರತೀಯ ಡಿವಿಷನ್ ಹೋರಾಡಿತ್ತು, ಮತ್ತು 1943ರ ಮೇನಲ್ಲಿ ಆಫ್ರಿಕಾದ ಜರ್ಮನ್ ಸೇನಾಪತಿ ಫಾನ್ ಆರ್ನಿಮ್ ಶರಣಾಗಿದ್ದು ಆ ಡಿವಿಷನ್ನಿನ ಮುಂದೆ.

ಮಲೆನಾಡಿಗ ಬರೆದದ್ದು:

ಎಲ್ಲರ ಮಾತನ್ನೂ ಗೌರವಿಸಿಯೇ ಭಿನ್ನ ಅಭಿಪ್ರಾಯವೊಂದನ್ನು ಇಡುತ್ತೇನೆ. ಮೊದಲ ಜರ್ಮನ್ ಟ್ಯಾಂಕ್ ಟೈಗರೇ ಆಗಬೇಕೆಂಬ ನಿಯಮವೇನಿಲ್ಲ. ಯುದ್ಧದ ಮೊದಲ ದಿನದಿಂದ ಕೊನೆಯ ದಿನದವರೆಗೂ ಜರ್ಮನ್ ಸೇನೆಯ ಭಾರ ಹೊತ್ತದ್ದು ಪಾಂಜರ್ 4. ಟೈಗರ್ 1,350 ಆದರೆ ಪಾಂಜರ್ 4 ಸುಮಾರು 8,500. ಆ ಟ್ಯಾಂಕಿನ ಚಕ್ರಗಳು ಒಂದರ ಹಿಂದೆ ಒಂದು ಅಡಗಿಲ್ಲ. ಪಕ್ಕಕ್ಕೆ ಎಂಟು ಸಣ್ಣ ಚಕ್ರಗಳು, ಮೇಲೆ ನಾಲ್ಕು ಉರುಳೆಗಳು, ಎಲ್ಲವೂ ಕಣ್ಣೆದುರಿಗೆ; ಬಣ್ಣ ಬಳಿಯಲು ಕುಂಚ ಎಲ್ಲ ಕಡೆಗೂ ತಲುಪುತ್ತದೆ. ತಮಿಯಾದ ಪಾಂಜರ್ 4ರ ಎಫ್ ಮತ್ತು ಜಿ ಮಾದರಿಗಳು ಇತ್ತೀಚಿನ ಅಚ್ಚುಗಳಾಗಿದ್ದು, ಹೊಸಬರಿಗೆ ಅವುಗಳಷ್ಟು ಹೊಂದುವ ಕಿಟ್‌ಗಳು ಕಡಿಮೆ. ಬಾರ್ಡರ್ ಸಂಸ್ಥೆಯ ಜಿ ಮಾದರಿಯಲ್ಲಿ ವಿವರ ಹೆಚ್ಚು, ಸಹನೆಯೂ ಹೆಚ್ಚು ಬೇಕು.

ಜಾಗದ ಚಿಂತೆ ಇದ್ದವರು 1/48 ಅಳತೆಯನ್ನೂ ಯೋಚಿಸಬಹುದು. ನಳಿಗೆಯೂ ಸೇರಿ ಎಂಟೂವರೆ ಮೀಟರಿನಷ್ಟು ಉದ್ದದ ಟೈಗರ್ 1/35ರಲ್ಲಿ 24 ಸೆಂಟಿಮೀಟರ್ ಆಗುತ್ತದೆ, 1/48ರಲ್ಲಿ ಹದಿನೆಂಟಕ್ಕೂ ಕಡಿಮೆ. ತಮಿಯಾದ 1/48 ಸಾಲಿನ ಆರಂಭದ ಕಿಟ್‌ಗಳಲ್ಲಿ ಕೆಳಮೈ ಲೋಹದ್ದು. ಕೈಯಲ್ಲಿ ಹಿಡಿದಾಗ ಸಿಗುವ ತೂಕವೇ ಬೇರೆ.

ಮಳೆಗಾಲದ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಕಡೆಯವರಿಗೆ ಇದು ನಿಜವಾದ ತೊಂದರೆ. ಗಾಳಿಯಲ್ಲಿ ತೇವ ತುಂಬಿದ ದಿನಗಳಲ್ಲಿ ಲ್ಯಾಕರ್ ಬಣ್ಣ ಅಥವಾ ವಾರ್ನಿಷ್ ಹೊಡೆದರೆ ಮೇಲೆ ಹಾಲಿನ ಕೆನೆಯಂಥ ಮಬ್ಬು ಬಂದುಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕತ್ತರಿಸುವುದು, ಉಜ್ಜುವುದು, ಅಂಟಿಸುವುದು ಇಷ್ಟನ್ನೇ ಮಾಡಿ, ಮಳೆ ಹಿಂದೆ ಸರಿದ ಮೇಲೆ ಬಣ್ಣಕ್ಕೆ ಕುಳಿತರೆ ಒಳ್ಳೆಯದು.

ಕಾಸೆಲ್1942 ಬರೆದದ್ದು:

ಮಲೆನಾಡಿಗರ ಮಾತಿನಲ್ಲಿ ತೂಕವಿದೆ, ಪಾಂಜರ್ 4 ಕಟ್ಟಲು ಹೆಚ್ಚು ಸುಲಭ ಎಂಬುದನ್ನು ಒಪ್ಪುತ್ತೇನೆ. ಆದರೆ ಯಾವ ಯಂತ್ರದ ಮೇಲೆ ಮನಸ್ಸು ನಿಂತಿದೆಯೋ ಅದನ್ನೇ ಕಟ್ಟಿದಾಗ ವಾರಗಟ್ಟಲೆ ಮೇಜಿನ ಮುಂದೆ ಕೂರುವ ತಾಳ್ಮೆ ತಾನಾಗಿ ಬರುತ್ತದೆ. ಟೈಗರಿನ ಅನುಕೂಲವೊಂದನ್ನೂ ಮರೆಯಬಾರದು: ಅದರ ಮೈ ಚಪ್ಪಟೆ ಫಲಕಗಳ ಸರಳ ಪೆಟ್ಟಿಗೆ. ಚಕ್ರಗಳ ಕೆಲಸವನ್ನು ಬಿಟ್ಟರೆ ಉಳಿದದ್ದು ಪಾಂಜರ್ 4ಕ್ಕಿಂತ ಬೇಗ ಮುಗಿಯುತ್ತದೆ.

ಕುಂಚವೂ_ಅಂಟೂ ಬರೆದದ್ದು:

ಬೆಲೆಗೆ ಸೇರುವ ಆಮದು ಸುಂಕದ ವಿಷಯವನ್ನು ಯಾರೂ ಪ್ರಸ್ತಾಪಿಸಲಿಲ್ಲ. ಕಸ್ಟಮ್ಸ್ ಪಟ್ಟಿಯಲ್ಲಿ ಅಳತೆಯ ಮಾದರಿಗಳು ಆಟಿಕೆಗಳೊಂದಿಗೆ 9503 ಎಂಬ ಒಂದೇ ಶೀರ್ಷಿಕೆಯಡಿ ಬರುತ್ತವೆ. ಆಟಿಕೆಗಳ ಮೇಲಿನ ಮೂಲ ಸುಂಕವನ್ನು 2020ರ ಬಜೆಟ್‌ನಲ್ಲಿ ಶೇ 20ರಿಂದ ಶೇ 60ಕ್ಕೂ, 2023ರಲ್ಲಿ ಶೇ 70ಕ್ಕೂ ಏರಿಸಿದಾಗ ನಮ್ಮ ಕಿಟ್‌ಗಳೂ ಆ ಏರಿಕೆಗೆ ಸಿಕ್ಕಿಕೊಂಡವು. ಹೊರದೇಶದ ಅಂಗಡಿಯಲ್ಲಿ ಕಂಡ ಬೆಲೆಗೆ ಸಾಗಣೆ, ಸುಂಕ, ತೆರಿಗೆಗಳನ್ನು ಸೇರಿಸಿದ ಮೇಲೆಯೇ ದೇಶದೊಳಗಿನ ಅಂಗಡಿಯ ಬೆಲೆಯೊಂದಿಗೆ ಹೋಲಿಸಬೇಕು, ಮತ್ತು ತರಿಸುವ ದಿನ ಜಾರಿಯಲ್ಲಿರುವ ದರವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಬಹಳ ಸಲ ಇಲ್ಲಿನ ಅಂಗಡಿಯಲ್ಲಿ ದುಬಾರಿ ಎನಿಸಿದ್ದೇ ಕೊನೆಗೆ ಅಗ್ಗವಾಗಿರುತ್ತದೆ. ಲ್ಯಾಕರ್, ಎನಾಮೆಲ್, ಥಿನ್ನರ್‌ಗಳು ಬೆಂಕಿ ಹತ್ತುವ ವಸ್ತುಗಳಾದ್ದರಿಂದ ವಿಮಾನದ ಅಂಚೆಯಲ್ಲಿ ಬರುವುದಿಲ್ಲ. ಅವನ್ನು ಊರಿನಲ್ಲೇ ಹುಡುಕಬೇಕು.

ಉಳಿತಾಯಕ್ಕೆ ನನ್ನ ಸಲಹೆ ಇದು. ಹಿತ್ತಾಳೆಯ ತಗಡಿನ ಫೋಟೊಎಚ್ ಹಾಳೆ, ಲೋಹದ ನಳಿಗೆ, ರೆಸಿನ್ ಭಾಗಗಳು ಎಂದು ಮೇಲೆ ಮೇಲೆ ಕೊಳ್ಳುತ್ತಾ ಹೋದರೆ ಕಿಟ್ಟಿಗಿಂತ ಅದರ ಒಡವೆಗಳೇ ದುಬಾರಿಯಾಗುತ್ತವೆ. ಟೈಗರಿಗೆ ಒಂದನ್ನು ಮಾತ್ರ ಕೊಳ್ಳುವುದಾದರೆ ಎಂಜಿನ್ ಮೇಲಿನ ಗಾಳಿಕಿಂಡಿಗಳ ಜಾಲರಿಯನ್ನು ಕೊಳ್ಳಿ. ಪ್ಲಾಸ್ಟಿಕ್ಕಿನಲ್ಲಿ ಅಷ್ಟು ತೆಳುವಾದ ಹೆಣಿಗೆ ಬರುವುದೇ ಇಲ್ಲ, ಮತ್ತು ಮಾದರಿಯನ್ನು ನಾವು ಯಾವಾಗಲೂ ನೋಡುವುದು ಮೇಲಿನಿಂದ. ನಳಿಗೆ ಎರಡು ಹೋಳಾಗಿ ಬಂದಿದ್ದರೆ ಅಂಟಿನ ಗೆರೆಯನ್ನು ಉಜ್ಜುವಾಗ ಸುತ್ತಲೂ ಸಮನಾಗಿ ಉಜ್ಜಿ, ಇಲ್ಲವಾದರೆ ಗುಂಡಗಿರಬೇಕಾದದ್ದು ಚಪ್ಪಟೆಯಾಗುತ್ತದೆ.

ಮೈಸೂರು_ಮಾದರಿ ಬರೆದದ್ದು:

ಇಷ್ಟು ತಿಳಿಸಿದ್ದಕ್ಕೆ ಋಣಿ. ಮಲೆನಾಡಿಗರ ಸಲಹೆಯನ್ನು ಎರಡನೆಯ ಮಾದರಿಗೆ ಕಾದಿರಿಸಿದ್ದೇನೆ. ಟ್ರ್ಯಾಕ್ ಬಗ್ಗೆ ನನ್ನ ಪ್ರಶ್ನೆ ಹಾಗೇ ಉಳಿದಿದೆ. ತಮಿಯಾ ಕಿಟ್ ಕೊಂಡರೆ ಅದರ ಪಟ್ಟಿಯನ್ನೇ ಬಳಸಬಹುದೇ?

ಕುಂಚವೂ_ಅಂಟೂ ಬರೆದದ್ದು:

ಬಳಸಬಹುದು, ಆದರೆ ಟೈಗರಿನ ಟ್ರ್ಯಾಕ್ ನಿಜದಲ್ಲಿ ಹೇಗೆ ಕೂರುತ್ತದೆ ಎಂಬುದನ್ನು ತಿಳಿದುಕೊಂಡು ಬಳಸಬೇಕು. ಪಾಂಜರ್ 4ರಲ್ಲಿರುವಂತೆ ಮೇಲ್ಭಾಗವನ್ನು ಎತ್ತಿ ಹಿಡಿಯುವ ಉರುಳೆಗಳು ಟೈಗರಿನಲ್ಲಿಲ್ಲ. ಒಂದು ಪಕ್ಕಕ್ಕೆ 96 ಉಕ್ಕಿನ ಕೊಂಡಿಗಳು, ಒಂದೊಂದರ ಅಗಲ 725 ಮಿಲಿಮೀಟರ್. ಅಷ್ಟು ಭಾರದ ಸರಪಳಿ ಮುಂದಿನ ಹಲ್ಲುಚಕ್ರದಿಂದ ಇಳಿದು ದೊಡ್ಡ ಚಕ್ರಗಳ ತಲೆಯ ಮೇಲೆಯೇ ಮಲಗುತ್ತದೆ. ಮೊದಲ ಚಕ್ರಕ್ಕೂ ಹಲ್ಲುಚಕ್ರಕ್ಕೂ ನಡುವೆ ಒಂದು ಬಾಗು, ಹಿಂದೆ ಇನ್ನೊಂದು ಬಾಗು. ಮೆತ್ತನೆಯ ಪಟ್ಟಿ ಹಗುರವಾದ್ದರಿಂದ ಈ ಬಾಗು ತಾನಾಗಿ ಬರುವುದಿಲ್ಲ. ಬಿಗಿಯಾಗಿ ಎಳೆದ ಬೆಲ್ಟಿನ ಹಾಗೆ ಗಾಳಿಯಲ್ಲಿ ನಿಂತುಬಿಡುತ್ತದೆ, ಮತ್ತು ಉಳಿದೆಲ್ಲ ಕೆಲಸ ಎಷ್ಟೇ ಚೆನ್ನಾಗಿದ್ದರೂ ಅದೊಂದರಿಂದ ಟ್ಯಾಂಕಿನ ಭಾರವೇ ಮಾಯವಾಗುತ್ತದೆ.

ಉಪಾಯ ಕಷ್ಟದ್ದಲ್ಲ. ಪಟ್ಟಿಯನ್ನು ಹಾಕಿ, ಮೇಲ್ಭಾಗವನ್ನು ಚಕ್ರಗಳ ಮೇಲೆ ಒತ್ತಿ, ಪಕ್ಕದ ಕವಚದ ಮರೆಗೆ ಬರುವ ಕಡೆ ಸ್ಪಂಜಿನ ತುಂಡುಗಳನ್ನು ತುರುಕಿ, ಮೂರ್ನಾಲ್ಕು ಕಡೆ ಸೂಪರ್ ಗ್ಲೂ ಹನಿಯಿಂದ ಹಿಡಿಸಬೇಕು. ಅಂಟು ಒಣಗಿದ ಮೇಲೆ ಸ್ಪಂಜನ್ನು ಎಳೆದು ತೆಗೆಯಬಹುದು. ಹಳೆಯ ವಿನೈಲ್ ಪಟ್ಟಿಗಳು ವರ್ಷಗಳ ನಂತರ ಚಕ್ರದ ಪ್ಲಾಸ್ಟಿಕ್ಕನ್ನು ಕರಗಿಸಿ ಕಚ್ಚಿಕೊಂಡದ್ದೂ ಇದೆ. ಆದ್ದರಿಂದ ಪಟ್ಟಿ ಹಾಕುವ ಮೊದಲು ಚಕ್ರಗಳಿಗೆ ಪೂರ್ತಿ ಬಣ್ಣದ ಪದರ ಇರಲೇಬೇಕು.

ಸ್ವಲ್ಪ ಹೆಚ್ಚು ಖರ್ಚು ಮಾಡಲು ಸಿದ್ಧರಿದ್ದರೆ ಪ್ಲಾಸ್ಟಿಕ್ಕಿನ ಬಿಡಿ ಕೊಂಡಿಗಳನ್ನು ಕೊಳ್ಳಿ. ಕೊಂಡಿಗಳನ್ನು ಅಳತೆಪಟ್ಟಿಯ ಅಂಚಿಗೆ ಸಾಲಾಗಿ ಜೋಡಿಸಿ, ತೆಳು ಅಂಟು ಹಚ್ಚಿ, ಅರ್ಧ ಗಂಟೆ ಬಿಟ್ಟು ಇನ್ನೂ ಬಾಗುವಂತಿರುವಾಗಲೇ ಚಕ್ರಗಳ ಸುತ್ತ ಹೊದಿಸಿದರೆ ಬಾಗು ನಮ್ಮ ಕೈಯಲ್ಲಿರುತ್ತದೆ. ಹಂಗೇರಿಯ ಫ್ರಿಯುಲ್‌ಮಾಡೆಲ್ ಲೋಹದ ಕೊಂಡಿಗಳನ್ನು ಮಾರುತ್ತದೆ. ಒಂದೊಂದರ ರಂಧ್ರವನ್ನೂ ಕೊರೆದು ತಂತಿ ತೂರಿಸುವ ಕೆಲಸ ಬೇಸರದ್ದಾದರೂ, ಆ ತೂಕಕ್ಕೆ ಟ್ರ್ಯಾಕ್ ತಾನೇ ತಾನಾಗಿ ಚಕ್ರದ ಮೇಲೆ ಕುಸಿದು ಕೂರುವುದನ್ನು ನೋಡುವ ಸುಖ ಬೇರೆ ಯಾವುದರಲ್ಲೂ ಇಲ್ಲ.

ಮೈಸೂರು_ಮಾದರಿ ಬರೆದದ್ದು:

ಹಾಗಾದರೆ ತಮಿಯಾದ ಇನಿಷಿಯಲ್ ಆವೃತ್ತಿಯ ಆಫ್ರಿಕಾ ಕಿಟ್ ಎಂದು ತೀರ್ಮಾನಿಸಿದ್ದೇನೆ, ಜೊತೆಗೆ ಪ್ಲಾಸ್ಟಿಕ್ ಬಿಡಿ ಕೊಂಡಿಗಳು ಮತ್ತು ಗಾಳಿಕಿಂಡಿಗಳ ಜಾಲರಿ. ಕೊನೆಯದಾಗಿ ಎರಡು ವಿಷಯ ತಿಳಿಸಿ. ಒಂದರ ಹಿಂದೆ ಒಂದು ಅಡಗಿರುವ ಚಕ್ರಗಳಿಗೆ ಬಣ್ಣ ಹಚ್ಚುವುದು ಹೇಗೆ, ಮತ್ತು ಟ್ಯುನೀಶಿಯಾದ ಟೈಗರಿಗೆ ಯಾವ ಬಣ್ಣ?

ಕಾಸೆಲ್1942 ಬರೆದದ್ದು:

ಒಳ್ಳೆಯ ಆಯ್ಕೆ. ಕೊಳ್ಳುವಾಗ ಡಿಕಾಲ್ ಹಾಳೆಯಲ್ಲಿ (ಮಾದರಿಗೆ ಅಂಟಿಸುವ ಅಂಕಿ, ಚಿಹ್ನೆಗಳ ಹಾಳೆ) ತಮಗೆ ಬೇಕಾದ ಟ್ಯಾಂಕಿನ ಸಂಖ್ಯೆ ಇದೆಯೇ ಎಂದು ಪೆಟ್ಟಿಗೆಯ ಬದಿಯ ಚಿತ್ರಗಳಲ್ಲಿ ನೋಡಿಕೊಳ್ಳಿ. ಇಲ್ಲವಾದರೆ 131ರ ಸಂಖ್ಯೆಗಳನ್ನು, ಅಂದರೆ ಬಿಳಿಯ ಅಂಚಿರುವ ಕೆಂಪು ಅಂಕಿಗಳನ್ನು, ಬೇರೆಯಾಗಿ ತರಿಸಬಹುದು. ಟ್ಯುನೀಶಿಯಾಕ್ಕೆ ಮೊದಲು ಹೋದದ್ದು 501ನೆಯ ಬೆಟಾಲಿಯನ್, 504 ಬಂದದ್ದು ಆಮೇಲೆ. ಎರಡರ ಟ್ಯಾಂಕುಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿವೆ. ಅಂಟು ಹಚ್ಚುವ ಮೊದಲು ಆಯ್ದ ಟ್ಯಾಂಕಿನ ಚಿತ್ರವನ್ನು ಪಕ್ಕದಲ್ಲಿ ಇಟ್ಟುಕೊಂಡಿರಿ.

ಬಣ್ಣದ ವಿಷಯದಲ್ಲಿ ಆದೇಶಗಳ ದಿನಾಂಕವೇ ದಾರಿ ತೋರಿಸುತ್ತದೆ. ಆಫ್ರಿಕಾಕ್ಕೆ ಹೋಗುವ ವಾಹನಗಳಿಗೆ 1942ರ ಮಾರ್ಚ್‌ನಲ್ಲಿ ಜರ್ಮನ್ ಬಣ್ಣಪಟ್ಟಿಯಾದ ಆರ್‌ಎಎಲ್‌ನ 8020 ಕಂದು ಮತ್ತು ಆರ್‌ಎಎಲ್ 7027 ಬೂದು ಬಣ್ಣಗಳನ್ನು ನಿಗದಿಪಡಿಸಿದರು. ಕಡು ಹಳದಿಯನ್ನು ತಳದ ಬಣ್ಣವಾಗಿಸಿ, ಅದರ ಮೇಲೆ ಹಸಿರು ಮತ್ತು ಕೆಂಗಂದು ಪಟ್ಟೆಗಳನ್ನು ಎಳೆಯಬೇಕೆಂಬ ಆದೇಶ ಬಂದದ್ದು 1943ರ ಫೆಬ್ರವರಿಯಲ್ಲಿ. 131ರ ಮೂಲ ಬಣ್ಣ ಯಾವುದೆಂಬ ಬಗ್ಗೆ ತಿಳಿದವರಲ್ಲೇ ವಾದವಿದೆ. ತಿಳಿ ಕಂದು ಮರಳಿನ ಬಣ್ಣವನ್ನು ತೆಳುವಾಗಿ, ಪದರ ಪದರವಾಗಿ ಹೊಡೆದು, ಅಂಚುಗಳಲ್ಲಿ ಸ್ವಲ್ಪ ಮಾಸಿದಂತೆ ಮಾಡಿದರೆ ಯಾರೂ ತಪ್ಪೆನ್ನಲಾರರು.

ಚಕ್ರಗಳನ್ನು ತೋಳುಗಳಿಗೆ ಅಂಟಿಸುವ ಆತುರ ಬೇಡ. ಒಂದೊಂದನ್ನೂ ಹಲ್ಲುಕಡ್ಡಿಗೆ ಸಿಕ್ಕಿಸಿ, ಮೊದಲು ಇಡೀ ಚಕ್ರಕ್ಕೆ ಟೈರಿನ ಕಡು ಬೂದು ಬಣ್ಣ ಹೊಡೆಯಿರಿ. ಅಚ್ಚ ಕಪ್ಪು ಬೇಡ, ಈ ಅಳತೆಯಲ್ಲಿ ಅದು ತೀರ ಗಾಢವಾಗಿ ಕಾಣುತ್ತದೆ. ಅದು ಒಣಗಿದ ಮೇಲೆ, ಚಕ್ರದ ಲೋಹದ ಭಾಗದಷ್ಟೇ ಅಗಲದ ವೃತ್ತ ಕೊರೆದ ಪ್ಲಾಸ್ಟಿಕ್ ಅಚ್ಚುಪಟ್ಟಿಯನ್ನು ಚಕ್ರದ ಮೇಲಿಟ್ಟು ಅದರ ಕಿಂಡಿಯ ಮೂಲಕ ಮರಳಿನ ಬಣ್ಣ ಹೊಡೆದರೆ ಟೈರಿನ ಅಂಚು ಕತ್ತರಿಸಿದಂತೆ ಬರುತ್ತದೆ. ಒಳಸಾಲಿನ ಚಕ್ರಗಳನ್ನು ಹಾಕಿ, ಅವುಗಳಿಗೆ ಧೂಳು ಹಿಡಿಸಿ ಮುಗಿಸಿದ ಮೇಲೆಯೇ ಹೊರಸಾಲನ್ನು ಸೇರಿಸಿ. ಒಂದು ಸಲ ಹೊರಸಾಲು ಕೂತಿತೆಂದರೆ ಒಳಗೆ ಕುಂಚ ಹೋಗುವುದಿಲ್ಲ. ಟ್ರ್ಯಾಕ್ ಹೊದಿಸುವ ಮೊದಲು ಹದಿನಾರು ತೋಳುಗಳೂ ನೆಲಕ್ಕೆ ಒಂದೇ ಮಟ್ಟದಲ್ಲಿವೆಯೇ ಎಂದು ಗಾಜಿನ ಹಲಗೆಯ ಮೇಲಿಟ್ಟು ನೋಡಿ.